ಪೊರಕೆ ಕಡ್ಡಿಗೆ ಸುತ್ತಿದ ಹೆದರಿಕೆ

ಕಳೆದ ತಿಂಗಳು ನನ್ನ ಮೊಮ್ಮಗಳು ತನ್ನ ಮಗಳನ್ನು ಚುಚ್ಚುಮದ್ದು ಹಾಕಿಸಲು ಹೊರಡಿಸುತ್ತಿದ್ದಳು. ಮಗು ಮಂಚದ ಕೆಳಗೆ ಸೇರಿಕೊಂಡು ಬರುವುದೇ ಇಲ್ಲ ಎಂದು ಹಟ ಹಿಡಿದಿತ್ತು. "ಚುಚ್ಚಲ್ಲ ಪುಟ್ಟಿ, ಐಸ್‌ಕ್ರೀಮ್ ತಿನ್ನಾಕೆ ಹೋಗೋದು" ಎಂದಳು ಮೊಮ್ಮಗಳು. ಕೇಳಿ ನನಗೆ ಮೈ ಉರಿದುಹೋಯಿತು. "ಸುಳ್ಳು ಯಾಕೆ ಹೇಳ್ತೀಯೇ? ಚುಚ್ತಾರೆ ಅಂತ್ಲೇ ಹೇಳು" ಎಂದೆ. "ಸುಮ್ನಿರಜ್ಜಿ, ಮಗು ಹೆದರ್ಕೊಳ್ತೈತೆ" ಎಂದಳು. ಅದು ಆಗಲೇ ಹೆದರಿ ಮಂಚದ ಕೆಳಗಿತ್ತು. ಅದಕ್ಕಿಂತ ಕೆಳಗೆ ಇನ್ನೆಲ್ಲಿಗೆ ಹೋಗಬೇಕಿತ್ತೋ ನನಗೆ ತಿಳಿಯಲಿಲ್ಲ.

ಅವರು ಹೋದ ಮೇಲೆ ಸೀರೆ ಸರಿಸಿ ನನ್ನ ಎಡಗಾಲಿನ ಹರಡು, ಪಾದದ ಮೇಲಿನ ಆ ಗಂಟು ನೋಡಿಕೊಂಡೆ. ಅಲ್ಲಿ ಹುಣಸೆ ಬೀಜದಷ್ಟು ಅಗಲದ ಒಂದು ಕಲೆ ಇದೆ. ಮೈಯೆಲ್ಲ ಸುಕ್ಕುಗಟ್ಟಿದರೂ ಅದೊಂದು ಮಾತ್ರ ನುಣ್ಣಗೆ ಉಳಿದಿದೆ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಲ್ಲಿಂದ ನಾರುಹುಳ ಹೊರಬಂದಿತ್ತು. ಆ ಕಾಯಿಲೆಗೆ ನಾರುಹುಣ್ಣು ಎನ್ನುತ್ತಿದ್ದರು. ಈಗ ಅದು ನಮ್ಮ ದೇಶದಲ್ಲೇ ಇಲ್ಲವಂತೆ, ಈಗಿನ ಡಾಕ್ಟರುಗಳು ಪುಸ್ತಕದಲ್ಲಿ ಮಾತ್ರ ನೋಡಿದ್ದಾರಂತೆ. ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಆ ಕಾಯಿಲೆಯ ಜೊತೆ ನನಗೆ ಬಂದ ಹೆದರಿಕೆ ಇನ್ನೂ ಎಲ್ಲ ಮನೆಗಳಲ್ಲೂ ಇದೆ, ಎಲ್ಲ ಮಂಚಗಳ ಕೆಳಗೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ನ್ಯಾಮತಿ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಅವರು ಒಮ್ಮೆ ಕೆಮ್ಮಿದರೆ ಒಂದನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನವರೆಗೂ ಉಸಿರು ನಿಲ್ಲುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರಿಗೆ ಜಗಳೂರಿನ ಕಡೆ ಒಂದು ಹಳ್ಳಿಗೆ ವರ್ಗವಾಯಿತು. ಅಜ್ಜಿ ನ್ಯಾಮತಿಯ ಮನೆ ಬಿಟ್ಟು ಬರಲಿಲ್ಲ. ಅಪ್ಪ, ಅವ್ವ, ನಾನು ಮೂವರೂ ಹೋಗಿ ಒಂದು ವರ್ಷ ಅಲ್ಲಿದ್ದೆವು.

ನ್ಯಾಮತಿಯಲ್ಲಿ ನಾವು ಹಗ್ಗ ಬಿಟ್ಟು ನೀರು ಸೇದುತ್ತಿದ್ದೆವು. ಆ ಹಳ್ಳಿಯಲ್ಲಿ ಮೆಟ್ಟಿಲ ಬಾವಿ. ಮೆಟ್ಟಿಲು ಇಳಿದುಕೊಂಡು ನೀರಿನವರೆಗೂ ಹೋಗಬಹುದಿತ್ತು, ಮೊಣಕಾಲು ಮುಳುಗುವವರೆಗೂ ನಿಂತು ಬಿಂದಿಗೆ ತುಂಬಬಹುದಿತ್ತು. ನನಗಂತೂ ಅದು ಸ್ವರ್ಗ. ಅವ್ವ ಮನೆಗೆ ತಂದ ನೀರನ್ನು ಹಳೇ ಸೀರೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ ಗಡಿಗೆಗೆ ತುಂಬುತ್ತಿದ್ದಳು. ಅಪ್ಪ ಮತ್ತು ನಾನು ಶಾಲೆಯಿಂದ ಬರುವಾಗ ಬಾವಿಗೆ ಇಳಿದು ಬೊಗಸೆಯಲ್ಲೇ ಕುಡಿದು ಬರುತ್ತಿದ್ದೆವು. ಅಷ್ಟು ತಣ್ಣಗಿನ ನೀರು ನಾನು ಮತ್ತೆಲ್ಲೂ ಕುಡಿದಿಲ್ಲ. ವರ್ಷ ಕಳೆಯಿತು, ಅಪ್ಪನಿಗೆ ಪುನಃ ನ್ಯಾಮತಿಗೇ ವರ್ಗವಾಯಿತು, ಗಂಟುಮೂಟೆ ಕಟ್ಟಿಕೊಂಡು ಬಂದೆವು.

ಮುಂದಿನ ಬೇಸಿಗೆ ರಜೆಯಲ್ಲಿ ನನ್ನ ಹರಡಿನ ಮೇಲೆ ಒಂದು ಗುಳ್ಳೆ ಎದ್ದಿತು. ಕೆಂಡ ಇಟ್ಟ ಹಾಗೆ ಉರಿ. ಹಿತ್ತಲಲ್ಲಿ ಕೂತು ಕಾಲಿನ ಮೇಲೆ ಚೊಂಬಿನಿಂದ ತಣ್ಣೀರು ಸುರಿದುಕೊಳ್ಳುತ್ತಿದ್ದಾಗ ಗುಳ್ಳೆ ಒಡೆಯಿತು. ಒಳಗಿಂದ ಬಿಳಿಯ ದಾರದಂಥದ್ದೊಂದು ತುದಿ ಇಣುಕಿತು. ಪಕ್ಕದಲ್ಲಿದ್ದ ಅಜ್ಜಿ ಬಗ್ಗಿ ನೋಡಿ ಕಿಟಾರನೆ ಕಿರುಚಿಕೊಂಡಳು. ಅಜ್ಜಿ ಹೊಲದಲ್ಲಿ ಹಾವು ಕಂಡರೆ ಬಾಲ ಹಿಡಿದು ಎಸೆಯುತ್ತಿದ್ದ ಹೆಂಗಸು. ಅಂಥವಳೇ ಕಿರುಚಿದಳೆಂದರೆ ಇದು ಹಾವಿಗಿಂತ ಕೆಟ್ಟ ಹಾವೇ ಇರಬೇಕು ಎಂದುಕೊಂಡೆ.

ಅವ್ವ ಓಡಿಬಂದಳು. ಅಪ್ಪ ಬಂದರು. ನೋಡಿದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಪ್ಪಾ ಅದು?" ಎಂದೆ.

"ಏನೂ ಇಲ್ಲ. ಮುಳ್ಳು" ಎಂದರು ಅಪ್ಪ.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಮುಳ್ಳು ಎಂದರೆ ನನಗೆ ಗೊತ್ತಿಲ್ಲವೇ? ವಾರಕ್ಕೆ ಎರಡು ಸಲ ಚುಚ್ಚಿಸಿಕೊಂಡು ಬರುತ್ತಿದ್ದವಳು ನಾನು. ಮುಳ್ಳು ಬಿಳಿಯಾಗಿರುವುದಿಲ್ಲ, ಬಳುಕುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಳ್ಳು ಚುಚ್ಚಿಸಿಕೊಂಡವಳಿಗೆ ನಮ್ಮ ಮನೆಯಲ್ಲಿ ಬೈಗುಳ ಸಿಗುತ್ತಿತ್ತು. ಈಗ ಬೆಲ್ಲ, ತುಪ್ಪ, ಹೋಳಿಗೆ ಸಿಗತೊಡಗಿದವು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಗ್ಗಿ ತಪ್ಪಿದರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದ ಅಪ್ಪ "ಚಿನ್ನಾ, ಊಟ ಮಾಡವ್ವ" ಎಂದರು. ಅಪ್ಪನ ಬಾಯಲ್ಲಿ ಚಿನ್ನ ಎಂಬ ಮಾತು ಕೇಳಿದ್ದೇ ತಡ, ನಾನು ಬದುಕುವುದಿಲ್ಲ ಎಂದು ತೀರ್ಮಾನ ಮಾಡಿಬಿಟ್ಟೆ.

ಅಜ್ಜಿಗೆ ಒಂದು ನಂಬಿಕೆ ಇತ್ತು. ಹುಳ ಮೈಯೊಳಗಿಂದ ತಲೆ ಹಾಕಿದಾಗ ಮಗು ಅದನ್ನು ನೋಡಿ ಬೆಚ್ಚಿದರೆ ಅದು ತಿರುಗಿ ಒಳಗೆ ಹೋಗುತ್ತದೆ ಎಂದು. ಹಾಗಾಗಿ ಗಾಯದ ಬಟ್ಟೆ ಬಿಚ್ಚುವಾಗಲೆಲ್ಲ ನನ್ನ ಕಣ್ಣಿಗೆ ಅರಿವೆ ಕಟ್ಟುತ್ತಿದ್ದರು. ಅರಿವೆಯ ಒಳಗೆ ನಾನು ಕಾಣುತ್ತಿದ್ದದ್ದನ್ನು ಹೇಳಿದರೆ ಅವರೇ ಬೆಚ್ಚಿಬೀಳುತ್ತಿದ್ದರು. ನನ್ನ ಕಣ್ಣಿಗೆ ಅದು ದಿನಕ್ಕೊಂದು ಗೇಣು ಬೆಳೆಯುತ್ತಿತ್ತು. ಅದಕ್ಕೆ ಹಲ್ಲು ಬಂತು. ಅದು ಮೊಣಕಾಲಿನಿಂದ ತೊಡೆಗೆ, ತೊಡೆಯಿಂದ ಹೊಟ್ಟೆಗೆ ಹತ್ತಿ ಎದೆಯ ಕಡೆ ಹೊರಟಿತ್ತು. ನಾನು ಊಟ ಬಿಟ್ಟೆ. ನಾನು ತಿಂದಿದ್ದನ್ನು ಅದು ತಿಂದು ದಪ್ಪಗಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಇದನ್ನು ಯಾರಿಗೂ ಹೇಳಲಿಲ್ಲ. ಅವರು ನನ್ನಿಂದ ಮುಚ್ಚಿಟ್ಟರು, ನಾನು ಅವರಿಂದ ಮುಚ್ಚಿಟ್ಟೆ.

ಹೊನ್ನಾಳಿಯ ಆಸ್ಪತ್ರೆಗೆ ಹೋದೆವು. ಯುದ್ಧದ ಕಾಲವಾದ್ದರಿಂದ ಪೆಟ್ರೋಲ್ ಇರಲಿಲ್ಲ, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ದಿಬ್ಬ ಬಂದರೆ ಬಸ್ಸು ನಿಂತುಬಿಡುತ್ತಿತ್ತು. ಎಲ್ಲರೂ ಇಳಿದು ತಳ್ಳಬೇಕು. ಕಾಲು ಹುಣ್ಣಿನ ಹುಡುಗಿ ಎಂದು ನನ್ನೊಬ್ಬಳನ್ನು ಮಾತ್ರ ಒಳಗೆ ಕೂರಿಸಿದರು. ಕಚ್ಚೆ ಪಂಚೆ, ಕರಿ ಕೋಟು, ರುಮಾಲಿನಲ್ಲಿದ್ದ ನಮ್ಮ ಅಪ್ಪ ತಮ್ಮ ಹಳೇ ಶಿಷ್ಯರ ಪಕ್ಕದಲ್ಲಿ ನಿಂತು ಏದುಸಿರು ಬಿಡುತ್ತ ತಳ್ಳುತ್ತಿದ್ದರು. ಸಾಯಲು ಹೊರಟಿದ್ದೇನೆ ಎಂದುಕೊಂಡಿದ್ದರೂ ನನಗೆ ನಗು ತಡೆಯಲಾಗಲಿಲ್ಲ.

ಆಸ್ಪತ್ರೆಯ ಜಗಲಿಯ ಮೇಲೆ ಎಲ್ಲರೂ ತಮ್ಮ ತಮ್ಮ ಸೀಸೆ ಹಿಡಿದುಕೊಂಡು ಕೂತಿದ್ದರು. ಔಷಧಿಗೆ ಸೀಸೆ ನಾವೇ ಒಯ್ಯಬೇಕಿತ್ತು. ನನ್ನ ಪಕ್ಕದಲ್ಲಿ ಚಳಿಜ್ವರದ ಒಬ್ಬ ಹೆಂಗಸು ಕೂತಿದ್ದಳು. ನನ್ನ ಕಾಲು ನೋಡಿ "ಏನಾಗೈತೆ ಮಗಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ "ಮುಳ್ಳು" ಎಂದಳು. ಆ ಹೆಂಗಸು ಅವ್ವನ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ಹೊದ್ದಿದ್ದ ಕಂಬಳಿಯ ಒಳಗಿಂದ ಕೈ ಚಾಚಿ ನನ್ನ ಬೆನ್ನ ಮೇಲೆ ಇಟ್ಟಳು. ಸುಡುವ ಕೈ. ನಮ್ಮ ಸರದಿ ಬರುವವರೆಗೂ ತೆಗೆಯಲಿಲ್ಲ. ಅವಳ ಹೆಸರು ಕೇಳಲಿಲ್ಲವಲ್ಲ ಎಂದು ಇವತ್ತಿಗೂ ಅನ್ನಿಸುತ್ತದೆ.

ಡಾಕ್ಟರು ಒಳ್ಳೆಯವರು. ಅಪ್ಪನನ್ನು ಪಕ್ಕಕ್ಕೆ ಕರೆದು ನಿಧಾನವಾಗಿ ಎಲ್ಲ ವಿವರಿಸಿದರಂತೆ. ಇದನ್ನು ಕೊಯ್ದು ತೆಗೆಯುವ ಹಾಗಿಲ್ಲ, ಹೊರಬಂದಷ್ಟನ್ನು ಒಂದು ಕಡ್ಡಿಗೆ ದಿನಕ್ಕೆ ಸ್ವಲ್ಪ ಸ್ವಲ್ಪ ಸುತ್ತುತ್ತ ಬರಬೇಕು, ಕಾಲನ್ನು ಬಾವಿಯಲ್ಲಾಗಲಿ ಕೆರೆಯಲ್ಲಾಗಲಿ ಇಳಿಬಿಡಕೂಡದು. ಅರಿವೆಯ ಹಿಂದಿದ್ದ ನನಗೆ ಕೇಳಿಸಿದ್ದು ಒಂದೇ ಮಾತು, "ತುಂಡಾಯ್ತು ಅಂದ್ರೆ ಕೀವಾಗಿ ಕಾಲು ಸೆಟೆದುಕೊಳ್ಳಬಹುದು ಮೇಷ್ಟ್ರೇ." ಅಂದರೆ ನಾನು ಇನ್ನು ಓಡುವ ಹಾಗಿಲ್ಲ, ಕುಂಟೆಬಿಲ್ಲೆ ಆಡುವ ಹಾಗಿಲ್ಲ. ಡಾಕ್ಟರು ಮೊದಲ ಸುತ್ತು ತಾವೇ ಸುತ್ತಿ, ಕಡ್ಡಿಯನ್ನು ಕಾಲಿಗೆ ಬಟ್ಟೆಯಿಂದ ಕಟ್ಟಿ ಕಳಿಸಿದರು.

ಮನೆಗೆ ಬಂದ ಮೇಲೆ ಸುತ್ತುವವರು ಯಾರು? ಅವ್ವ ಕಡ್ಡಿ ಮುಟ್ಟಿದರೆ ಅಳುತ್ತಿದ್ದಳು. ಅಜ್ಜಿ ದೇವರ ಕೋಣೆ ಬಿಟ್ಟು ಈಚೆಗೇ ಬರಲಿಲ್ಲ. ಕೊನೆಗೆ ಅಪ್ಪ ತೋಳು ಮಡಚಿಕೊಂಡು ಕೂತರು. ನನ್ನ ಕಣ್ಣಿಗೆ ಅರಿವೆ ಕಟ್ಟಿತ್ತು. ಯಾವ ಗಳಿಗೆಯಲ್ಲಿ ಮುಟ್ಟುತ್ತಾರೋ ತಿಳಿಯದೆ ಮೈಯೆಲ್ಲ ಬಿಗಿಹಿಡಿದು ಕಾಯುತ್ತಿದ್ದೆ. ಬೆರಳು ತಾಗಿದ ಕೂಡಲೇ ಕಾಲು ಝಾಡಿಸಿದೆ. ಅವ್ವ "ಅಯ್ಯೋ, ತುಂಡಾಯ್ತು" ಎಂದು ಕೂಗಿದಳು. ಧೊಪ್ಪನೆ ಏನೋ ಬಿದ್ದ ಸದ್ದು. ಅರಿವೆ ಕಿತ್ತು ನೋಡಿದರೆ ಅಪ್ಪ ಮೂರ್ಛೆ ಹೋಗಿ ಅಂಗಾತ ಮಲಗಿದ್ದರು. ಹುಳ ತುಂಡಾಗಿರಲಿಲ್ಲ, ಕೂದಲೆಳೆಯಲ್ಲಿ ಉಳಿದಿತ್ತು. ಆಮೇಲೆ ಮೂರು ದಿನ ಯಾರೂ ಅದರ ತಂಟೆಗೆ ಹೋಗಲಿಲ್ಲ. ಕಾಲು ಊದತೊಡಗಿತು.

ನಾಲ್ಕನೆಯ ದಿನ ಬೆಳಿಗ್ಗೆ, ಊದಿದ ಕಾಲಿನ ಬಟ್ಟೆ ಬಿಚ್ಚಿ ನೋಡಲೆಂದು ನನ್ನ ಕಣ್ಣಿಗೆ ಅರಿವೆ ಕಟ್ಟುವ ಹೊತ್ತಿಗೆ ಬೀರಜ್ಜ ಬಂದ. ಬೀರಜ್ಜ ಜಗಳೂರು ಸೀಮೆಯವನು, ಕುರಿ ಕಾಯುವ ಮನೆತನದವನು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕಂಬಳಿ ಹೊತ್ತುಕೊಂಡು ಹೊನ್ನಾಳಿ, ನ್ಯಾಮತಿ ತಿರುಗಿ, ಚನ್ನಗಿರಿ ಹಾದು ಊರಿಗೆ ಹೋಗುತ್ತಿದ್ದ. ನಮ್ಮೂರಿಗೆ ಬಂದಾಗ ನಮ್ಮ ಜಗಲಿಯೇ ಅವನಿಗೆ ಬಿಡಾರ. ನಡೆಯುವಾಗಲೂ ಕೂತಾಗಲೂ ಅವನ ಕೈಯಲ್ಲಿ ಉಣ್ಣೆ ನೂಲುವ ಕದಿರು ತಿರುಗುತ್ತಲೇ ಇರುತ್ತಿತ್ತು. ಗಂಟು ಇಳಿಸಿ, ನನ್ನ ಕಾಲಿನ ಬಟ್ಟೆಯನ್ನೂ ಕಣ್ಣಿನ ಬಟ್ಟೆಯನ್ನೂ ನೋಡಿದ.

"ಇದೇನ್ರೀ ಮೇಷ್ಟ್ರೇ, ಹುಣ್ಣು ಕಾಲಾಗೈತೆ, ಕಣ್ಣಿಗ್ಯಾಕೆ ಕಟ್ಟೀರಿ?"

"ಮೆಲ್ಲಗೆ ಮಾತಾಡಪ್ಪ. ಮಗು ಹೆದರ್ಕೊಳ್ತಾಳೆ" ಎಂದರು ಅಪ್ಪ.

"ಈಗೇನು ನಗ್ತಾ ಕುಂತಾಳೇನ್ರಿ?" ಎನ್ನುತ್ತ ಬೀರಜ್ಜ ನನ್ನ ಅರಿವೆ ಬಿಚ್ಚಿದ. ಎದುರಿಗೆ ಕುಕ್ಕರುಗಾಲಲ್ಲಿ ಕೂತ. "ಕೂಸೇ, ಇದು ಏನಂತ ತಿಳ್ಕೊಂಡೀಯ? ನಿನ್ನ ಮನಸ್ನಾಗೆ ಇರೋದು ಹೇಳು."

ಹತ್ತು ದಿನಗಳಲ್ಲಿ ನನ್ನನ್ನು ಹೀಗೆ ಕೇಳಿದವರು ಅವನೊಬ್ಬನೇ. ನಾನು ಅಳುತ್ತ ಎಲ್ಲ ಹೇಳಿದೆ. ಹಾವು, ಹಲ್ಲು, ಹೊಟ್ಟೆ, ಎದೆ ಎಲ್ಲವನ್ನೂ ಹೇಳಿದೆ. ಅವ್ವ ಬಾಗಿಲಲ್ಲಿ ನಿಂತು ಕೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡಳು. ಬೀರಜ್ಜ ನಗಲಿಲ್ಲ. ಪೂರಾ ಕೇಳಿಸಿಕೊಂಡು ತನ್ನ ಪಂಚೆ ಮೇಲೆತ್ತಿ ಮೀನಖಂಡದ ಮೇಲಿನ ಮೂರು ಕಲೆ ತೋರಿಸಿದ.

"ನೋಡು, ಒಂದು, ಎರಡು, ಮೂರು. ನಂಗೆ ಮೂರು ಸಲ ಬಂದೈತೆ. ನಾನೇನು ಸತ್ತೀನಾ? ಅದು ಹಾವಲ್ಲ, ಹುಳ. ಕುಡಿಯೋ ನೀರಿನಾಗೆ ಬರ್ತೈತೆ, ವರ್ಷ ಒಳಗಿರ್ತೈತೆ, ಆಮೇಲೆ ಕಾಲಿನಾಗೆ ದಾರಿ ಮಾಡ್ಕೊಂಡು ಹೊರಗೆ ಹೋಗಾಕೆ ನೋಡ್ತೈತೆ. ಎದಿಗೆ ಹೋಗಾಕೆ ಅದಕ್ಕೆ ಮನಸ್ಸಿಲ್ಲ. ಉರಿ ಆಗ್ತೈತೆ, ಅದು ದಿಟ. ಸುತ್ತುವಾಗ ನೋವೂ ಆಗ್ತೈತೆ. ಆಗಲ್ಲ ಅಂತ ನಾನು ಹೇಳಲ್ಲ."

ನೋವಾಗುತ್ತದೆ ಎಂದು ಕೇಳಿ ಯಾರಿಗಾದರೂ ಸಮಾಧಾನ ಆಗಿದ್ದುಂಟೇ? ನನಗೆ ಆಯಿತು. ಎಷ್ಟು ನೋವು, ಎಲ್ಲಿ ನೋವು ಎಂದು ಗೊತ್ತಾಯಿತಲ್ಲ. ಬಗ್ಗಿ ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ. ಶ್ಯಾವಿಗೆಯ ಎಳೆಯಷ್ಟು ಸಣ್ಣದು. ಹಲ್ಲೂ ಇಲ್ಲ, ಏನೂ ಇಲ್ಲ. ಇದಕ್ಕೆ ಹೆದರಿ ನಾನು ಮೂರು ದಿನದ ಹೋಳಿಗೆ ಬಿಟ್ಟಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

"ಯಾರು ಸುತ್ತುತೀರಿ?" ಎಂದು ಬೀರಜ್ಜ ಸುತ್ತ ನೋಡಿದ. ಅಜ್ಜಿ ಅವ್ವನನ್ನು ನೋಡಿದಳು, ಅವ್ವ ಅಪ್ಪನನ್ನು ನೋಡಿದಳು, ಅಪ್ಪ ಮಾಡಿನ ಹೆಂಚು ನೋಡಿದರು.

"ಸರಿ ಬಿಡ್ರಿ. ಕಾಲು ಯಾರದೋ ಅವರೇ ಸುತ್ತಲಿ" ಎಂದ ಬೀರಜ್ಜ.

ಅಪ್ಪ ಬೇಡವೆಂದರು, ಅಜ್ಜಿ ಬೈದಳು. ಬೀರಜ್ಜ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ತನ್ನ ಕದಿರಿನಿಂದ ಒಂದು ಮಾರು ಉಣ್ಣೆ ನೂಲು ಬಿಚ್ಚಿ, ಅದರ ಒಂದು ತುದಿಯನ್ನು ಕಂಬಳಿ ಗಂಟಿನ ಕೆಳಗೆ ಒತ್ತಿಟ್ಟು, ಇನ್ನೊಂದು ತುದಿಯನ್ನು ಪೊರಕೆ ಕಡ್ಡಿಗೆ ಕಟ್ಟಿ ನನ್ನ ಕೈಗೆ ಕೊಟ್ಟ. "ಸುತ್ತು. ಎಳೀಬ್ಯಾಡ, ಸುತ್ತು. ಬರಲ್ಲ ಅಂದ ಕೂಡ್ಲೇ ನಿಲ್ಸು. ನೂಲು ಹೇಳ್ತೈತೆ, ಬೆರಳಿಗೆ ಕೇಳ್ತೈತೆ."

ಮೊದಲ ಸಲ ನೂಲು ಹರಿಯಿತು. ಎರಡನೆಯ ಸಲವೂ ಹರಿಯಿತು. ಮೂರನೆಯ ಸಲ ಹರಿದಾಗ ನನಗೆ ಅಳು ಬಂತು, ಇದೇ ನನ್ನ ಕಾಲಾಗಿದ್ದರೆ ಎಂದು. ಮಧ್ಯಾಹ್ನದವರೆಗೂ ಕೂತು ಸುತ್ತಿದೆ. ಕೊನೆಗೆ ನೂಲು ಬಿಗಿಯುವ ಆ ಗಳಿಗೆ ಬೆರಳಿಗೆ ತಿಳಿಯತೊಡಗಿತು. ಸತತವಾಗಿ ಐದು ಸಲ ಹರಿಯದೆ ಬಂದ ಮೇಲೆ ಬೀರಜ್ಜ ನನ್ನ ಕಾಲಿನ ಮೇಲೆ ಚೊಂಬಿನಿಂದ ನೀರು ಹೊಯ್ದು, ನಿಜವಾದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟ.

"ಅಜ್ಜಾ, ನಂಗೆ ಹೆದರಿಕೆ ಆಗ್ತೈತೆ" ಎಂದೆ.

"ಇರ್ಲಿ ಬಿಡು. ಹೆದರಿಕೆ ಇರೋ ಕೈ ಮೆಲ್ಲಕೆ ಸುತ್ತತೈತೆ. ಹೆದರಿಕೆ ಇಲ್ಲದೋರೇ ಎಳೆದು ಹರೀತಾರೆ" ಎಂದ.

ಹತ್ತು ದಿನ ಎಲ್ಲರೂ ಹೆದರಬೇಡ ಹೆದರಬೇಡ ಎಂದಿದ್ದರು. ಹೆದರಿಕೆ ಇದ್ದರೂ ನಡೆಯುತ್ತದೆ ಎಂದು ಹೇಳಿದವನು ಇವನು. ಅರ್ಧ ಸುತ್ತು ಸುತ್ತಿದೆ. ಉರಿಯಿತು. ಇನ್ನರ್ಧ ಸುತ್ತು. ಬಿಗಿಯಿತು. ನಿಲ್ಲಿಸಿದೆ. ಬೀರಜ್ಜ ಕಡ್ಡಿಯನ್ನು ಕಾಲಿಗೆ ಕಟ್ಟಿ, "ಇವತ್ತಿಗೆ ಸಾಕು. ಉಂಬಾಕೆ ಹಾಕ್ರವ್ವಾ ಈ ಕೂಸಿಗೆ" ಎಂದ. ನಾನು ಎರಡು ಮುದ್ದೆ ಉಂಡೆ. ಅವ್ವ ಬಡಿಸುತ್ತ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಬೀರಜ್ಜ ಮೂರು ದಿನ ಇದ್ದು ಚನ್ನಗಿರಿಗೆ ಹೊರಟ. ಹೊರಡುವಾಗ ಜಗಲಿಯ ಕೆಳಗೆ ನಿಂತು, "ನೀವೂ ಅದೇ ಬಾವಿ ನೀರು ಕುಡ್ದಿದ್ರಿ ಅಲ್ವೇನ್ರಿ ಮೇಷ್ಟ್ರೇ?" ಎಂದು ಕೇಳಿದ. ಅಪ್ಪ ಕೆಮ್ಮಿ, ಈ ಸಲ ಮಳೆ ಹೆಂಗೋ ಏನೋ ಎಂದು ಮಾತು ತಿರುಗಿಸಿದರು.

ಆಮೇಲೆ ದಿನವೂ ಹೊತ್ತು ಏರುವ ಮುಂಚೆ ಜಗಲಿಯ ಮೇಲೆ ಕಾಲು ಚಾಚಿ ಕೂತು ನಾನೇ ಸುತ್ತಿಕೊಂಡೆ. ಅವ್ವ ನೀರು ಹೊಯ್ಯುತ್ತಿದ್ದಳು. ಕೇರಿಯ ಮಕ್ಕಳೆಲ್ಲ ನೋಡಲು ಬರುತ್ತಿದ್ದರು. ಸದ್ದು ಮಾಡಿದವರನ್ನು ನಾನು ಅಪ್ಪನ ಹಾಗೇ ಕೆಮ್ಮಿ ಹೆದರಿಸುತ್ತಿದ್ದೆ. ಒಂದು ದಿನ ನಾಲ್ಕು ಬೆರಳಷ್ಟು ಬರುತ್ತಿತ್ತು, ಒಂದು ದಿನ ಏನೇನೂ ಬರುತ್ತಿರಲಿಲ್ಲ. ಬಾರದ ದಿನ ಎಳೆದುಬಿಡೋಣ ಎಂದು ಕೈ ತುರಿಸುತ್ತಿತ್ತು. ಆಗ ಹರಿದುಹೋದ ಮೂರು ನೂಲು ನೆನಪಾಗುತ್ತಿದ್ದವು. ಎರಡು ವಾರ ಮೀರಿದ ಮೇಲೆ ಒಂದು ಬೆಳಿಗ್ಗೆ ಅರ್ಧ ಸುತ್ತು ಸುತ್ತಿದಾಗ ಬಿಗಿಯಲೇ ಇಲ್ಲ. ಕಡ್ಡಿ ನನ್ನ ಕೈಗೆ ಬಂದುಬಿಟ್ಟಿತು. ಎರಡು ಮೊಳ ಇತ್ತೆಂದು ಅಜ್ಜಿ ಊರಿಗೆಲ್ಲ ಹೇಳಿಕೊಂಡು ಬಂದಳು. ಹತ್ತಿರ ಬಂದು ನೋಡಿದವಳಲ್ಲ, ಅಳತೆ ಮಾತ್ರ ಅವಳದೇ. ಗಾಯ ಮಾಗಿತು. ಶಾಲೆ ಶುರುವಾಗುವ ಹೊತ್ತಿಗೆ ನಾನು ಕುಂಟೆಬಿಲ್ಲೆ ಆಡುತ್ತಿದ್ದೆ, ಅದೂ ಎಡಗಾಲಿನಲ್ಲಿ.

ಶಾಲೆ ಶುರುವಾಗಿ ವಾರವಾಗಿರಬೇಕು. ಒಂದು ಭಾನುವಾರ ಅಪ್ಪ ಹಿತ್ತಲಲ್ಲಿ ಬಹಳ ಹೊತ್ತು ಕಾಲಿಗೆ ತಣ್ಣೀರು ಸುರಿದುಕೊಳ್ಳುತ್ತಿದ್ದರು. ನಾನು ಹತ್ತಿರ ಹೋದೆ. ಅವಸರದಿಂದ ಪಂಚೆ ಇಳಿಬಿಟ್ಟರು.

"ಏನಪ್ಪಾ ಅದು?"

"ಏನೂ ಇಲ್ಲ. ಮುಳ್ಳು" ಎಂದರು.

ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಅವರು ನನ್ನ ಮುಖ ನೋಡಲಿಲ್ಲ. ಬಗ್ಗಿ ಪಂಚೆಯ ಅಂಚು ಸರಿಸಿದೆ. ಬಲಗಾಲಿನ ಹರಡಿನ ಮೇಲೆ ಗುಳ್ಳೆ ಒಡೆದಿತ್ತು, ಬಿಳಿಯ ತುದಿ ಇಣುಕಿತ್ತು. ಒಳಗಿಂದ ಅವ್ವ, "ನಾನು ಸೋಸಿಟ್ಟ ನೀರು ಬಿಟ್ಟು ಬೊಗಸೇಲಿ ಕುಡುದ್ರಲ್ಲ, ಅನುಭವಿಸ್ರಿ ಈಗ" ಎಂದಳು. ಹಾಗೆಂದವಳೇ ಚೊಂಬು ತಂದು ಪಕ್ಕದಲ್ಲಿ ಕೂತಳು.

ನಾನು ಪೊರಕೆಯಿಂದ ಒಳ್ಳೆಯದೊಂದು ಕಡ್ಡಿ ಆರಿಸಿ ತೊಳೆದುಕೊಂಡು ಬಂದೆ. ಬರುವಷ್ಟರಲ್ಲಿ ಅಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತು, ಹೆಗಲ ಮೇಲಿನ ವಸ್ತ್ರವನ್ನು ತಮ್ಮ ಕಣ್ಣಿಗೆ ತಾವೇ ಕಟ್ಟಿಕೊಳ್ಳುತ್ತಿದ್ದರು. ನಾನು ಹೋಗಿ ಗಂಟು ಬಿಚ್ಚಿದೆ. ವಸ್ತ್ರವನ್ನು ಮಡಚಿ ಪಕ್ಕಕ್ಕಿಟ್ಟೆ. ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತೆ.

"ಅಪ್ಪಾ, ಹೆದರಿಕೆ ಐತೇನು?"

ಅಪ್ಪ ಬೀದಿಯ ಕಡೆ ನೋಡಿದರು. ಶಾಲೆಯ ಹುಡುಗರು ಯಾರೂ ಇಲ್ಲ ಎಂದು ಗಟ್ಟಿ ಮಾಡಿಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಐತೆ ಕಣವ್ವಾ. ಭಾಳ ಐತೆ" ಎಂದರು.

"ಇರ್ಲಿ ಬಿಡು" ಎಂದು ಹೇಳಿ ಕಡ್ಡಿಯನ್ನು ಅವರ ಕೈಗೆ ಕೊಟ್ಟೆ.